ಬೇಸಗೆಯ ಹಿತ್ತಲ ತರಕಾರಿ

(ಹೊಸದಾಗಿ ತೊಡಗುವ ರೈತರ ಉಪಯೋಗಕ್ಕಾಗಿ ಗ್ರಾಮಸಭೆಯಲ್ಲಿ ಮಾಡಿದ ಉಪನ್ಯಾಸ)



ರಾಗಿಯ ಒಕ್ಕಣೆ ಮುಗಿದು, ಹುಲ್ಲಿನ ಮೆದೆಗಳು ಎದ್ದು, ತಮಗೆ ತುಸು ಬಿಡುವು ದೊರೆತಿರುವ ಈ ಕಾಲದಲ್ಲಿ ತಾವೆಲ್ಲರೂ ಇಲ್ಲಿ ನೆರೆದಿರುವುದು ಸಂತೋಷದ ಸಂಗತಿ. ಇಂದು ನಾನು ಹೊಲಗದ್ದೆಗಳ ವಿಷಯವನ್ನು ಮಾತನಾಡತಕ್ಕವನಲ್ಲ. ಹತ್ತಾರು ವರ್ಷ ನೇಗಿಲು ಹಿಡಿದವರಿಗೆ ಅದನ್ನು ಹೇಳಿಕೊಡಬೇಕಾದುದೂ ಇಲ್ಲ. ನಾನು ಅರಿಕೆಮಾಡಬೇಕೆಂದಿರುವುದು ತಮ್ಮ ಮನೆಯ ಹಿಂದೆ ಬರಿದಾಗಿ ಬಿದ್ದಿರುವ ನಾಲ್ಕು ಮಾರು ನೆಲದ ವಿಷಯ. ಹೊಲದಲ್ಲಿ ನುರಿತವರಾದ ತಾವು ಹಿತ್ತಲಿನ ಕೆಲಸಕ್ಕೆ ಮಾತ್ರ ಹೊಸಬರೆಂದು ಹೇಳಿದರೆ ತಪ್ಪು ತಿಳಿಯಬಾರದು.

ಈ ಮೈದಾನದ ಸೀಮೆಯಲ್ಲಿ ಮಳೆಗಾಲದಲ್ಲಿ ಹೊಲದ ನಡುವೆ ಅಣ್ಣೆಸೊಪ್ಪು, ಗೋಣಿಸೊಪ್ಪು ತಾವಾಗಿ ಹುಟ್ಟುತ್ತವೆ. ಸುಗ್ಗಿಯಲ್ಲಿ ಅವರೆ, ತೊಗರಿ ಇವೆ. ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ ಅನೇಕ ಮನೆಗಳಲ್ಲಿ ಮುದ್ದೆಯೊಡನೆ ಬರಿಯ ಹುರುಳಿಯ ಸಾರೇ ಗತಿಯಾಗುತ್ತದೆ. ಎಕರೆಗಟ್ಟಲೆ ಭೂಮಿಯುಳ್ಳ ಯಜಮಾನನು ವಾರಕ್ಕೊಮ್ಮೆ ಸಂತೆಯಿಂದ ಬಾಡಿದ ಬದನೆಕಾಯಿಯನ್ನು ಹಣ ಕೊಟ್ಟು ತರುತ್ತಾನೆ. ಅದು ಮೂರು ದಿನಕ್ಕೆ ಮುಗಿದುಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ ಬೇಕೆಂದೂ, ಅದರಲ್ಲಿ 50 ಗ್ರಾಂ ಸೊಪ್ಪಾಗಿರಬೇಕೆಂದೂ ಹೇಳಿದೆ. ಸೊಪ್ಪು, ಕುಂಬಳ, ಪರಂಗಿ ಮೊದಲಾದವು ದೊರೆಯದ ಮಕ್ಕಳಿಗೆ ಎ ಜೀವಸತ್ವ ಸಾಲದೆ ಇರುಳುಗಣ್ಣು ಬರುವುದುಂಟು. ಬಸುರಿಯರಿಗೂ ಬಾಣಂತಿಯರಿಗೂ ಈ ಕೊರತೆ ಇನ್ನೂ ಹೆಚ್ಚು ಹಾನಿಕರ. ಕಣಜದಲ್ಲಿ ರಾಗಿ ತುಂಬಿದ್ದ ಮಾತ್ರಕ್ಕೆ ಇದು ನೀಗುವುದಿಲ್ಲ. 1942ರಲ್ಲಿ ಯುದ್ಧದ ಅಭಾವದ ನಡುವೆ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ದೇಶದಲ್ಲಿ ಮೊದಲಾದಾಗ ಅದರ ಗಮನವೆಲ್ಲ ಬಹುಮಟ್ಟಿಗೆ ಧಾನ್ಯದ ಕಡೆಗಿತ್ತು. ಧಾನ್ಯ ಹೊಟ್ಟೆಯನ್ನು ತುಂಬುತ್ತದೆ. ಮೈಯನ್ನು ಕಾಯುವುದಕ್ಕೆ ಹಸುರು ಬೇಕು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ತಾವು ಬಲ್ಲಿರಿ. ಹತ್ತಿರವಿರುವುದನ್ನು ಅಲಕ್ಷ್ಯಮಾಡುವ ನಮ್ಮ ಸ್ವಭಾವವನ್ನು ಕುರಿತೇ ಹಿರಿಯರು ಇದನ್ನು ಹೇಳಿದರು.

ಕೆಡುವುದು ಎಲ್ಲಿ?

ತರಕಾರಿ ಹಾಕಿ ಕೈಸೋತವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಕಥೆ ಬಹುಮಟ್ಟಿಗೆ ಒಂದೇ. ಉತ್ಸಾಹದಿಂದ ಅರ್ಧ ಹಿತ್ತಲನ್ನು ಅಗೆದು, ಹತ್ತು ಬಗೆಯ ಬೀಜಗಳನ್ನು ಒಂದೇ ದಿನ ಬಿತ್ತುತ್ತಾರೆ. ಇಪ್ಪತ್ತು ದಿನ ನೀರು ಹೊರುತ್ತಾರೆ. ಹೊರುವವರು ಹೆಚ್ಚಾಗಿ ಮನೆಯ ಹೆಂಗಸರು. ಬಿಸಿಲು ಏರುತ್ತದೆ, ಬಾವಿಯ ನೀರು ಇಳಿಯುತ್ತದೆ, ಒಂದು ದಿನ ತಪ್ಪುತ್ತದೆ, ಮರುದಿನವೂ ತಪ್ಪುತ್ತದೆ. ಉಳಿದದ್ದನ್ನು ಮೇಕೆ ಮೇಯುತ್ತದೆ. ಆಮೇಲೆ ‘ನಮ್ಮ ಮಣ್ಣು ತರಕಾರಿಗೆ ಆಗದು’ ಎಂದು ಮಣ್ಣನ್ನು ದೂರುತ್ತಾರೆ.

ತಪ್ಪು ಮಣ್ಣಿನದಲ್ಲ, ಅಳತೆಯದು. ಹೊಲವನ್ನು ಭೂಮಿಯಿಂದ ಅಳೆಯುತ್ತೇವೆ. ಬೇಸಗೆಯ ಹಿತ್ತಲನ್ನು ನೀರಿನಿಂದ ಅಳೆಯಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬಂತೆ, ನೀರಿದ್ದಷ್ಟು ಮಡಿ ಮಾಡು ಎಂಬುದೇ ಈ ದಿನ ನಾನು ಹೇಳತಕ್ಕ ಮುಖ್ಯವಾದ ಮಾತು.

ನೀರಿನ ಲೆಕ್ಕ

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿಗೆ ಬಿರುಬೇಸಗೆಯಲ್ಲಿ ದಿನಕ್ಕೆ ಸುಮಾರು 20 ಲೀಟರು, ಎಂದರೆ ಒಂದೂವರೆ ಕೊಡ ನೀರು ಬೇಕಾಗುತ್ತದೆ. ಆರು ಜನರಿರುವ ಮನೆಯಲ್ಲಿ ಸ್ನಾನಕ್ಕೆ ಒಬ್ಬರಿಗೆ 15 ಲೀಟರಾದರೂ ದಿನಕ್ಕೆ 90 ಲೀಟರು ನೀರು ಬಚ್ಚಲಿನಿಂದ ಹೊರಗೆ ಹರಿಯುತ್ತದೆ. ಈಗ ಅದು ಬೀದಿಯ ಬದಿಯಲ್ಲಿ ಕೊಳೆತು ಸೊಳ್ಳೆಗಳನ್ನು ಸಾಕುತ್ತಿದೆ. ಇದನ್ನು ಒಂದು ಕಿರುಗಾಲುವೆಯಿಂದ ಹಿತ್ತಲಿಗೆ ತಿರುಗಿಸಿ, ಜಲ್ಲಿ ಮರಳು ತುಂಬಿದ ಸಣ್ಣ ಗುಂಡಿಯನ್ನು ಹಾಯಿಸಿದರೆ, ಎರಡು ಮಡಿಗಳಿಗೂ ಎರಡು ಬಳ್ಳಿಯ ಗುಂಡಿಗಳಿಗೂ ಸಾಕಾಗುವಷ್ಟು ನೀರು ಹೊಸದಾಗಿ ಸೇದದೆಯೇ ಸಿಕ್ಕಿತು.

ಎಚ್ಚರಿಕೆಗಳು ಮೂರು. ಬಚ್ಚಲಿನ ನೀರನ್ನು ಗಿಡದ ಬುಡಕ್ಕೆ ಮಾತ್ರ ಬಿಡಬೇಕು; ಎಲೆಕಾಯಿಗಳಿಗೆ ಸೋಕಿಸಕೂಡದು. ಸೊಪ್ಪಿನ ಮಡಿಗೂ ಹಸಿಯಾಗಿ ತಿನ್ನುವ ಸೌತೆಗೂ ಶುದ್ಧವಾದ ನೀರನ್ನೇ ಹಾಕಬೇಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೂ ಆಗಬಹುದು. ಬಟ್ಟೆಯ ಸೋಡ ಬೆರೆತ ನೀರು ಮಣ್ಣನ್ನು ಚೌಳು ಮಾಡುವುದರಿಂದ ಅದನ್ನು ತೋಟಕ್ಕೆ ಬಿಡಲೇಬಾರದು. ಕಕ್ಕಸಿನ ನೀರಿನ ವಿಷಯವನ್ನು ಬೇರೆ ಹೇಳಬೇಕಾದುದಿಲ್ಲ.

ಆದುದರಿಂದ ಹೊಸಬರು ಮೊದಲನೆಯ ವರ್ಷ ಮೂರು ಮಡಿ, ಎರಡು ಬಳ್ಳಿಯ ಗುಂಡಿ ಇಷ್ಟರಲ್ಲೇ ನಿಲ್ಲತಕ್ಕದ್ದು.

ಸ್ಥಳ ಮತ್ತು ಬೇಲಿ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳ ಬೇಕು. ಹುಣಿಸೆ, ಹೊಂಗೆ ಮೊದಲಾದ ದೊಡ್ಡ ಮರಗಳ ಬುಡ ಆಗದು. ಪಡುವಣ ದಿಕ್ಕಿನಲ್ಲಿ ಅಗಸೆಯನ್ನೋ ಮುಸುಕಿನ ಜೋಳವನ್ನೋ ಒಂದು ಸಾಲು ಹಾಕಿದರೆ ಸಂಜೆಯ ಸುಡುಬಿಸಿಲೂ ಒಣಗಾಳಿಯೂ ತಗ್ಗುತ್ತವೆ.

ಬೀಜಕ್ಕಿಂತ ಮೊದಲು ಬೇಲಿ. ಜಾಲಿಮುಳ್ಳಿನ ಬೇಲಿಯನ್ನು ಕೆಳಗಡೆ ಒತ್ತಾಗಿ ಕಟ್ಟದೆ ಒಂದು ಕಾಳನ್ನೂ ಬಿತ್ತಬೇಡಿ. ಕೋಳಿಗಳು ಕೆದಕದಂತೆ, ಮೊಳಕೆ ಬಲಿಯುವವರೆಗೆ ಮಡಿಯ ಮೇಲೆ ಮುಳ್ಳುಕಡ್ಡಿಗಳನ್ನು ಹರಡಬೇಕು.

ಮಡಿ ಮತ್ತು ಗೊಬ್ಬರ

ಮಡಿಯ ಅಗಲ ನಾಲ್ಕು ಅಡಿಗೆ ಮೀರಬಾರದು. ಎರಡು ಕಡೆಯಿಂದಲೂ ಕೈ ನಡುವಿಗೆ ಎಟುಕಬೇಕು, ಒಳಗೆ ಕಾಲಿಡುವ ಪ್ರಮೇಯ ಬರಬಾರದು. ಮಳೆಗಾಲದಲ್ಲಿ ಮಡಿಯನ್ನು ಎತ್ತರಿಸುತ್ತೇವೆ. ಬೇಸಗೆಯಲ್ಲಿ ಅದಕ್ಕೆ ವಿರುದ್ಧವಾಗಿ ನೆಲಕ್ಕಿಂತ ಎರಡು ಮೂರು ಅಂಗುಲ ತಗ್ಗಿಸಿ ಸುತ್ತಲೂ ಬದು ಕಟ್ಟಬೇಕು. ಹಾಗೆ ಮಾಡಿದರೆ ಹಾಕಿದ ನೀರು ಹೊರಗೆ ಹರಿಯದು.

ಒಂದು ಅಡಿ ಆಳ ಅಗೆದು, ಮಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಎರಡು ಹಿಡಿ ಬೇವಿನ ಹಿಂಡಿಯನ್ನೋ ಹೊಂಗೆ ಹಿಂಡಿಯನ್ನೋ ಬೆರೆಸಬೇಕು. ಮರಳು ಮಿಶ್ರವಾದ ಕೆಂಪು ನೆಲಕ್ಕೆ ಒಂದು ಬುಟ್ಟಿ ಕೆರೆಗೋಡು ಸೇರಿಸಿದರೆ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ಹಸಿ ಸಗಣಿಯನ್ನು ಹಾಕಬಾರದು. ಗೊಣ್ಣೆಹುಳುವೂ ಗೆದ್ದಲೂ ಅದರ ಹಿಂದೆಯೇ ಬರುತ್ತವೆ. ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ಸೊಪ್ಪುಸದೆ, ಸಗಣಿ, ಬೂದಿಮಣ್ಣುಗಳನ್ನು ಪದರ ಪದರವಾಗಿ ಹಾಕಿ, ತೇವವಾರದಂತೆ ನೋಡಿಕೊಂಡು, ಆಗಾಗ ತಿರುವಿದರೆ ಮೂರು ತಿಂಗಳಿನಲ್ಲಿ ಒಳ್ಳೆಯ ಗೊಬ್ಬರವಾಗುವುದೆಂದು ತೋರಿಸಿಕೊಟ್ಟನು. ತಮ್ಮ ತಿಪ್ಪೆಗಳು ಬಿಸಿಲಿನಲ್ಲಿ ಒಣಗಿ ಸತ್ವ ಕಳೆದುಕೊಳ್ಳುವುದನ್ನು ನೋಡಿದರೆ ಈ ಕ್ರಮದ ಬೆಲೆ ತಿಳಿಯುತ್ತದೆ.

ಬಿತ್ತನೆಯ ಕ್ರಮ

ಶಿವರಾತ್ರಿಯ ಮರುದಿನ ಆರಂಭಿಸುವುದು ಅನುಕೂಲ. ಶಿವರಾತ್ರಿಗೂ ಯುಗಾದಿಗೂ ಒಂದು ತಿಂಗಳ ಅಂತರ. ದಂಟು, ಕೀರೆ, ಹರಿವೆ ಸೊಪ್ಪುಗಳು ಎಳೆಯದಾಗಿ ಕೊಯ್ಲಿಗೆ ಬರಲು ಬೇಕಾದುದೂ ಅಷ್ಟೇ ಕಾಲ. ಹಬ್ಬದ ಹೊತ್ತಿಗೆ ಮನೆಯ ಸೊಪ್ಪು ಒಲೆಗೇರುತ್ತದೆ.

ಮೊದಲನೆಯ ಮಡಿ ಸೊಪ್ಪಿಗೆ. ಇದನ್ನು ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲನ್ನು ಬಿತ್ತಬೇಕು. ಒಂದೇ ದಿನ ಬಿತ್ತಿದರೆ ಒಂದು ವಾರ ಸೊಪ್ಪು ಮಿಕ್ಕುತ್ತದೆ, ಆಮೇಲೆ ತಿಂಗಳೆಲ್ಲ ಇರುವುದಿಲ್ಲ. ದಂಟಿನ ಬೀಜ ಬಹಳ ಸಣ್ಣದಾದ್ದರಿಂದ ಒಣಮರಳಿನೊಡನೆ ಬೆರೆಸಿ ಎರಚಿ, ತೆಳ್ಳಗೆ ಮಣ್ಣು ಮುಚ್ಚತಕ್ಕದ್ದು. ಕೊತ್ತಂಬರಿಯ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು.

ಎರಡನೆಯ ಮಡಿ ಬೆಂಡೆಗೆ. ಮೂರು ಸಾಲು, ಸಾಲಿನಲ್ಲಿ ಅಡಿಗೊಂದು ಕುಣಿ, ಕುಣಿಗೆ ರಾತ್ರಿ ನೆನಸಿದ ಎರಡು ಬೀಜ. ಹದಿನೈದು ದಿನದ ಮೇಲೆ ಚೆನ್ನಾಗಿರುವ ಒಂದು ಸಸಿಯನ್ನು ಉಳಿಸಿ ಇನ್ನೊಂದನ್ನು ಕೀಳಬೇಕು. ಇದು ಹೊಸಬರಿಗೆ ಬಹು ಕಷ್ಟವಾದ ಕೆಲಸ, ಮನಸ್ಸು ಒಪ್ಪುವುದಿಲ್ಲ. ಕೀಳದಿದ್ದರೆ ಎರಡೂ ಬಡವಾಗುತ್ತವೆ. ಸುಮಾರು ಐವತ್ತನೆಯ ದಿನಕ್ಕೆ ಕಾಯಿ ಬರುತ್ತದೆ. ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯಬೇಕು. ಕಾಯಿ ಬಲಿಯಲು ಬಿಟ್ಟ ಗಿಡ ಹೂ ಬಿಡುವುದನ್ನು ಕಡಮೆಮಾಡುತ್ತದೆ.

ಮೂರನೆಯ ಮಡಿಯ ಅರ್ಧಕ್ಕೆ ಗೋರಿಕಾಯಿ. ಬಿಸಿಲನ್ನು ತಾಳುವುದರಲ್ಲಿ ಇದಕ್ಕೆ ಸಮನಾದುದು ಕಡಮೆ. ಉಳಿದರ್ಧ ಬದನೆ, ಮೆಣಸಿನಕಾಯಿಗಳಿಗೆ. ಇವುಗಳ ಬೀಜವನ್ನು ಶಿವರಾತ್ರಿಯ ಕಾಲಕ್ಕೆ ಒಂದು ಮೊಳದ ಒಟ್ಲಿನಲ್ಲಿ ಹಾಕಿ, ಹುಲ್ಲು ಮುಚ್ಚಿ, ಸಣ್ಣ ತೂತಿನ ಡಬ್ಬದಿಂದ ನೀರು ಚಿಮುಕಿಸಬೇಕು. ಮೊಳೆತ ಕೂಡಲೆ ಹುಲ್ಲನ್ನು ತೆಗೆಯತಕ್ಕದ್ದು. ನೀರು ಹೆಚ್ಚಾದರೆ ಸಸಿಗಳು ಬುಡ ಕೊಳೆತು ಬೀಳುತ್ತವೆ. ಯುಗಾದಿಯ ವೇಳೆಗೆ ಒಂದು ಗೇಣು ಬೆಳೆದ ಸಸಿಗಳನ್ನು ಸಂಜೆಯ ಹೊತ್ತು ಕಿತ್ತು ನೆಟ್ಟು, ಮೂರು ನಾಲ್ಕು ದಿನ ಹಗಲಿನಲ್ಲಿ ಎಲೆಯ ಮರೆ ಕೊಡಬೇಕು. ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ ಇವು ಫಲಕ್ಕೆ ಬಂದು, ಮಳೆಗಾಲದಲ್ಲಿಯೂ ಕಾಯಿ ಕೊಡುತ್ತವೆ. ಕೋಸು, ಹೂಕೋಸು, ಬಟಾಣಿಗಳು ತಂಪುಕಾಲದ ಬೆಳೆಗಳು. ಬೇಸಗೆಯಲ್ಲಿ ಹೊಸಬರು ಅವುಗಳ ಗೋಜಿಗೆ ಹೋಗಬಾರದು.

ಬಳ್ಳಿಯ ಗುಂಡಿ

ಬೇಲಿಯ ಪಕ್ಕದಲ್ಲಿ ಒಂದೂವರೆ ಅಡಿ ಅಳತೆಯ ಎರಡು ಗುಂಡಿ ತೋಡಿ, ಗೊಬ್ಬರ ಮಣ್ಣು ತುಂಬಿ, ನಡುವೆ ಒಂದು ಸುಟ್ಟ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂಳಬೇಕು. ಸುತ್ತಲೂ ಒಂದರಲ್ಲಿ ಹೀರೆ, ಇನ್ನೊಂದರಲ್ಲಿ ಸೋರೆಯನ್ನೋ ಪಡವಲವನ್ನೋ ಹಾಕಿ, ಮೊಳಕೆ ನಿಲ್ಲುವವರೆಗೆ ಮೇಲಿನಿಂದ ನೀರು ಚಿಮುಕಿಸಬೇಕು. ಆಮೇಲೆ ಮಡಕೆಗೆ ಸುರಿದ ನೀರು ಮೆಲ್ಲಗೆ ಜಿನುಗಿ ಬೇರಿಗೇ ಸೇರುತ್ತದೆ, ಬಿಸಿಲಿಗೆ ಆರುವುದಿಲ್ಲ. ಮಡಕೆಯ ಬಾಯಿಗೆ ಮುಚ್ಚಳವಿರಬೇಕು. ಬಳ್ಳಿಯನ್ನು ಕೊಟ್ಟಿಗೆಯ ಮಾಡಿನ ಮೇಲಕ್ಕೆ ಹಬ್ಬಿಸಿದರೆ ನೆಲವೂ ಉಳಿಯಿತು, ದನಗಳಿಗೆ ತಂಪೂ ಆಯಿತು.

ಬಳ್ಳಿಯ ಮೊದಲ ಹೂಗಳು ಕಾಯಿ ಕಚ್ಚದೆ ಉದುರಿದಾಗ ಹೊಸಬರು ದೃಷ್ಟಿಯಾಯಿತೆಂದು ಗಾಬರಿಪಡುತ್ತಾರೆ. ಈ ಜಾತಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಮೊದಲು ಬರುವುವು ಗಂಡು ಹೂಗಳು, ಅವು ಉದುರತಕ್ಕವೇ. ಹೆಣ್ಣು ಹೂವಿನ ಬುಡದಲ್ಲಿ ಕಿರಿದಾದ ಕಾಯಿಯ ಆಕಾರ ಕಾಣುತ್ತದೆ. ಕುಂಬಳ, ಸೌತೆಗಳು ಬೆಳಗ್ಗೆ ಅರಳುತ್ತವೆ. ಹೀರೆ, ಸೋರೆಗಳು ಸಂಜೆ ಅರಳುತ್ತವೆ. ಹೂವಿಂದ ಹೂವಿಗೆ ಪರಾಗವನ್ನು ಒಯ್ಯುವ ಜೇನುನೊಣ, ಪತಂಗಗಳನ್ನು ಕೊಂದರೆ ಕಾಯಿಯೂ ಇಲ್ಲ.

ಹುಳು ಮತ್ತು ರೋಗ

ಹೊಲಕ್ಕೆ ತಂದು ಮಿಕ್ಕ ವಿಷದ ಔಷಧವನ್ನು ಹಿತ್ತಲಿಗೆ ಎಂದಿಗೂ ಹೊಡೆಯಕೂಡದು. ಬೆಳಗ್ಗೆ ಹೊಡೆದ ಗಿಡದಿಂದ ಸಂಜೆ ಮಗು ಸೌತೆಯನ್ನು ಕಿತ್ತು ತಿನ್ನುತ್ತದೆ ಎಂಬುದನ್ನು ನೆನಪಿಡಬೇಕು. ದಿನವೂ ಒಮ್ಮೆ ಗಿಡಗಳ ನಡುವೆ ಸುಳಿದಾಡುವುದೇ ಇಲ್ಲಿಗೆ ಸಾಕಾದ ಚಿಕಿತ್ಸೆ. ಬದನೆಯ ಕುಡಿ ಬಾಗಿ ಬಾಡಿದರೆ ಒಳಗೆ ಹುಳುವಿದೆ. ಕುಡಿಯನ್ನು ಕತ್ತರಿಸಿ ಸುಡಬೇಕು. ಎಳೆಯ ಬಳ್ಳಿಯ ಎಲೆಗಳನ್ನು ತೂತುಮಾಡುವ ಕೆಂಪು ದುಂಬಿಗೆ ಇಬ್ಬನಿಯಿರುವಾಗ ಒಲೆಯ ಬೂದಿಯನ್ನು ಎರಚಬೇಕು. ಹೇನು ಮುತ್ತಿದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರು ನೀರಿನಲ್ಲಿ ರಾತ್ರಿ ನೆನಸಿ, ಸೋಸಿ, ತುಸು ಸಾಬೂನು ಕದಡಿ ಸಂಜೆ ಚಿಮುಕಿಸಬಹುದು.

ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣ ಹರಡುವ ನಂಜುರೋಗ, ಮದ್ದಿಲ್ಲ. ಆ ಗಿಡವನ್ನು ಕಿತ್ತು ಹೂಳಬೇಕು. 1967ರಲ್ಲಿ ಸ್ಥಾಪಿತವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯನ್ನು ಅದರ ಕಾಡುಜಾತಿಯೊಡನೆ ಕೂಡಿಸಿ ಈ ರೋಗವನ್ನು ತಡೆಯಬಲ್ಲ ‘ಅರ್ಕಾ ಅನಾಮಿಕಾ’ ಎಂಬ ತಳಿಯನ್ನು ಪಡೆದರು. ಹೊಸಬರು ಅಂಥ ಬೀಜದಿಂದ ಆರಂಭಿಸುವುದು ಮೇಲು.

ಬೀಜದ ಸಂಗ್ರಹ

ತಿಂದು ಮಿಕ್ಕ ಕಡೆಯ ಕಾಯಿಯನ್ನು ಬೀಜಕ್ಕೆ ಬಿಡುವ ರೂಢಿ ಒಳ್ಳೆಯದಲ್ಲ. ಎಲ್ಲಕ್ಕಿಂತ ಚೆನ್ನಾದ ಗಿಡದ ಒಳ್ಳೆಯ ಕಾಯಿಗೆ ಮೊದಲೇ ದಾರ ಕಟ್ಟಿ ಬಿಡಬೇಕು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಒಣಗಿದ ಗಡಿಗೆಯಲ್ಲಿಡತಕ್ಕದ್ದು. ಅಂಗಡಿಯ ಮಿಶ್ರತಳಿಯ ಬೀಜದಿಂದ ಬಂದ ಗಿಡದ ಬೀಜವನ್ನು ಮಾತ್ರ ಇಡಬಾರದು. ಮರುವರ್ಷ ಅದೇ ಗುಣ ಬರುವುದಿಲ್ಲ.

ಮುಖಂಡರಲ್ಲಿ ಒಂದು ವಿಜ್ಞಾಪನೆ

ಊರಿನ ಜನ ನಮ್ಮ ಭಾಷಣವನ್ನು ಕೇಳಿ ನಡೆಯುವುದಕ್ಕಿಂತ ತಮ್ಮ ಹಿತ್ತಲನ್ನು ನೋಡಿ ನಡೆಯುವುದು ಹೆಚ್ಚು. ಆದಕಾರಣ ತಮ್ಮಲ್ಲಿ ಮೂರನ್ನು ಬೇಡುತ್ತೇನೆ. ಈ ಶಿವರಾತ್ರಿಗೆ ತಮ್ಮ ಮನೆಯಲ್ಲಿ ಮೂರು ಮಡಿ ಆಗಲಿ. ನೀರು ಹಾಯಿಸುವ ಕೆಲಸವನ್ನು ಹೆಂಗಸರ ತಲೆಯ ಮೇಲೆಯೇ ಹೊರಿಸದೆ ಮನೆಯ ಗಂಡಸರೂ ಹುಡುಗರೂ ಹಂಚಿಕೊಳ್ಳಲಿ. ಭೂಮಿಯಿಲ್ಲದ ನೆರೆಯವರಿಗೆ ಒಂದು ಹಿಡಿ ಬೀಜವನ್ನೂ ಒಂದು ಬುಟ್ಟಿ ಗೊಬ್ಬರವನ್ನೂ ಕೊಡಿರಿ; ಬಚ್ಚಲಿನ ನೀರು ಅವರ ಮನೆಯಲ್ಲಿಯೂ ಹರಿಯುತ್ತದೆ, ಸೋರೆಯ ಬಳ್ಳಿ ಗುಡಿಸಲಿನ ಮೇಲೂ ಹಬ್ಬುತ್ತದೆ.

ಮೂರು ಮಡಿಗಳನ್ನು ಒಂದು ಬೇಸಗೆ ಪೂರ್ತಿಯಾಗಿ ಕಾಪಾಡಿದವರು ಮುಂದಿನ ವರ್ಷ ನೀರನ್ನು ಮತ್ತೊಮ್ಮೆ ಅಳೆದು ನಾಲ್ಕನೆಯ ಮಡಿಯನ್ನು ಹಾಕಬಹುದು.