ಹೆಬ್ಬೆಟ್ಟಿಗೆ ಸಾಕ್ಷಿ ಯಾರು?

ಆಳಂದ, ಅಫಜಲಪುರ, ಜೇವರ್ಗಿ ಹಾಸ್ಟೆಲುಗಳ ಗೆಳೆಯರೆ,

ಎಚ್‌ಐವಿ ತಡೆಯಲೆಂದು ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್ಲನ್ನು ಆಫ್ರಿಕಾದಲ್ಲಿ, ಚೆನ್ನೈಯಲ್ಲಿ, ನಮ್ಮ ಬಾಗಲಕೋಟೆಯಲ್ಲಿ ಹೆಂಗಸರ ಮೇಲೆ ಪರೀಕ್ಷಿಸಿದರು. 2007ರ ಜನವರಿಯಲ್ಲಿ ನಿಲ್ಲಿಸಿದರು. ಲೆಕ್ಕಕ್ಕೆ ಸಿಕ್ಕ 1,398 ಹೆಂಗಸರಲ್ಲಿ ಮದ್ದಿನ ಜೆಲ್ ಪಡೆದ 25 ಮಂದಿಗೆ, ಮದ್ದಿಲ್ಲದ್ದು ಪಡೆದ 16 ಮಂದಿಗೆ ಸೋಂಕು. ಮದ್ದು ಕಾಯಲಿಲ್ಲ.

ಸಂಶೋಧನೆ ಬ್ಯಾಡ ಅಂತ ನಾನು ಹೇಳೂದಿಲ್ಲ. ಮದ್ದು ನಮ್ಮ ಕೇರಿಗೂ ಬೇಕು. ಆದರೆ ಹಸಿದವಳು ಒತ್ತಿದ ಹೆಬ್ಬೆಟ್ಟೆಲ್ಲ ಒಪ್ಪಿಗೆಯಲ್ಲ. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಅವಳಿಗೆ ತಿಳಿಯುವ ಮಾತಿನಲ್ಲೇ ಹೇಳಬೇಕು. ಓದು ಬಾರದಿದ್ದರೆ ಪ್ರಯೋಗದವರಿಗೆ ಸೇರದ ಸಾಕ್ಷಿ ಉದ್ದಕ್ಕೂ ಇರಬೇಕು.

ಆ ಸಾಕ್ಷಿ ನೀವಾಗ್ರಿ. ಕೇಳ್ರಿ: ಅಪಾಯ ಏನು? ಮೈ ಕೆಟ್ಟರೆ ಔಷಧ ಯಾರು ಕೊಡ್ತಾರ? ನಡುವೆ ಬಿಟ್ಟು ಬರಬಹುದೇನು? ಗೆದ್ದ ಮದ್ದು ನಮಗೂ ಸಿಗ್ತದೇನು? ಉತ್ತರ ಸಿಗೂತನಕ ಅವ್ವನ ಬೆರಳು ಶಾಯಿ ಮುಟ್ಟಬಾರದು.