ಬರೆದದ್ದು ನಮಗೆ ಅರ್ಥವಾಗುತ್ತದೆಯೇ?

(ಬಿನ್ನಿಪೇಟೆಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಬಿನ್ನಿ ಮಿಲ್ಲಿನಿಂದ ಹೆಸರು ಪಡೆದ ಈ ಪೇಟೆಯಲ್ಲಿ ಮನೆಮಾತು ಕನ್ನಡವೊಂದೇ ಅಲ್ಲ. ತಮಿಳು, ತೆಲುಗು, ಉರ್ದು ಎಲ್ಲವೂ ಇವೆ. ಆದರೆ ಠಾಣೆಯ ಕಾಗದದಲ್ಲಿರುವ ಕನ್ನಡ ನಮ್ಮ ಯಾರ ಮನೆಯದೂ ಅಲ್ಲ.

ಒಂದು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ. "ಸದರಿ ಫಿರ್ಯಾದುದಾರಳಿಗೆ ಆರೋಪಿತರು ವರದಕ್ಷಿಣೆ ಸಲುವಾಗಿ ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡಿರುತ್ತಾರೆ." ಕೇಳುವುದಕ್ಕೆ ಗಟ್ಟಿಯಾಗಿದೆ. ಆದರೆ ಯಾರು ಹೊಡೆದರು? ಯಾವತ್ತು? ಎಷ್ಟು ಹಣ ಕೇಳಿದರು? ಒಂದೂ ಇಲ್ಲ. ಇದನ್ನೇ ಹೀಗೆ ಬರೆಯಬಹುದು: "ಗೌರಿ ಹಬ್ಬದ ಹಿಂದಿನ ರಾತ್ರಿ ಅತ್ತೆ, ಸ್ಕೂಟರಿಗೆ ಇಪ್ಪತ್ತು ಸಾವಿರ ತಾ ಎಂದರು. ಇಲ್ಲ ಎಂದೆ. ಗಂಡ ಬೆಲ್ಟಿನಿಂದ ಹೊಡೆದ. ಎಡಗೈ ಊದಿಕೊಂಡಿತು. ಪಕ್ಕದ ಮನೆಯವರು ಬಂದು ಬಿಡಿಸಿದರು." ಸಣ್ಣ ಮಾತುಗಳು, ಆದರೆ ಸಾಕ್ಷಿ ಇರುವುದು ಇಲ್ಲಿ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರದು. ಅದರ ಘಟನಾ ವರದಿಯ ನಮೂನೆಯೂ ದಿನ, ಜಾಗ, ಹೊತ್ತು, ಮಾಡಿದವರು ಯಾರು ಎಂದೇ ಕೇಳುತ್ತದೆ.

ಬರಹ ಸುಲಭವೋ ಕಷ್ಟವೋ ಎಂದು ಅಳೆಯಲು 1948ರಲ್ಲಿ ಅಮೆರಿಕದ ರುಡಾಲ್ಫ್ ಫ್ಲೆಶ್ ಒಂದು ಲೆಕ್ಕ ಕೊಟ್ಟರು: ವಾಕ್ಯ ಎಷ್ಟು ಉದ್ದ, ಪದ ಎಷ್ಟು ಉದ್ದ. ಅದು ಇಂಗ್ಲಿಷಿನ ಲೆಕ್ಕ, ನಮಗೆ ನೇರವಾಗಿ ಒಗ್ಗದು. "ಹೇಳದೇಹೋಗಿದ್ದರಿಂದ" ಎಂಬುದು ಇಷ್ಟುದ್ದದ ಪದ, ಎಲ್ಲರಿಗೂ ಗೊತ್ತು. "ಸದರಿ" ಮೂರೇ ಅಕ್ಷರ, ಎಷ್ಟು ಜನಕ್ಕೆ ಗೊತ್ತು ಹೇಳಿ! 1953ರಲ್ಲಿ ವಿಲ್ಸನ್ ಟೇಲರ್ ಎಂಬವರು ಹೇಳಿದ ದಾರಿ ನಮಗೆ ಹೆಚ್ಚು ಹೊಂದುತ್ತದೆ. ಪ್ರತಿ ಐದನೆಯ ಪದವನ್ನು ಮುಚ್ಚಿ, ಓದುವವಳು ಅದನ್ನು ಊಹಿಸಬೇಕು. ಹೆಚ್ಚಿನವನ್ನು ಊಹಿಸಿದರೆ ಬರಹ ಅವಳಿಗೆ ದಕ್ಕಿದೆ. ತಡವರಿಸಿದರೆ ತಪ್ಪು ಅವಳದಲ್ಲ, ಬರೆದವರದು.

ಓದು ಬಾರದವರಿದ್ದರೆ ಒಬ್ಬಳು ಗಟ್ಟಿಯಾಗಿ ಓದಲಿ, ಕೇಳಿದವಳು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಸಂಘದ ಸಾಲದ ಪತ್ರಕ್ಕೂ ಇದೇ ಪರೀಕ್ಷೆ ಮಾಡಿ. ಜಾಮೀನು ಹಾಕುವ ಮುಂಚೆ ಬಡ್ಡಿ ಎಷ್ಟು, ಕಟ್ಟದಿದ್ದರೆ ಯಾರ ತಲೆಗೆ ಎಂದು ಬಾಯಿ ಬಿಟ್ಟು ಹೇಳಲಾಗಬೇಕು.

ಕಾನೂನಿನ ಪದಗಳೇ ಬೇಡವೆಂದಲ್ಲ. ಯಾವ ಕಲಂ ಎಂಬುದನ್ನು ಪೊಲೀಸರೂ ವಕೀಲರೂ ನೋಡಿಕೊಳ್ಳಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 1987ರ ಕಾಯ್ದೆಯಂತೆ ಹೆಂಗಸರಿಗೆ ಉಚಿತ ಕಾನೂನು ನೆರವಿದೆ, ಆದಾಯ ಕೇಳುವಂತಿಲ್ಲ. ನಡೆದ ಸಂಗತಿ ಮಾತ್ರ ನಿಮ್ಮದೇ ಮಾತಿನಲ್ಲಿರಬೇಕು.

ಇನ್ನೊಂದು ಮುಖ್ಯ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ನೀವು ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ ನಿಮಗೆ ಓದಿ ಹೇಳಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹಿಂದಿನ ಕಾಯ್ದೆಯಲ್ಲೂ ಇದಿತ್ತು. ಹಾಗಾಗಿ "ಓದಿ ಹೇಳಿ ಸಾರ್" ಎನ್ನಲು ಅಂಜಬೇಡಿ. ನೀವು ಹೇಳಿದ್ದು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಹೇಳಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿ.

ಈಗ ನಿಮಗೆ ಕೊಟ್ಟಿರುವ ಹಾಳೆ ತೆಗೆಯಿರಿ. ಇಬ್ಬಿಬ್ಬರು ಕೂತು ಓದಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ನನಗೆ ಕೊಡಿ. ಆ ಸಾಲುಗಳನ್ನು ಕೂಡಿ ತಿದ್ದೋಣ.