ಹೊಸ ಸವಾರನಿಗೆ ಎಂಥ ಮೋಟಾರ್ ಸೈಕಲ್ಲು?

(ಜತ್ತ ಭಾಗದ ಕಬ್ಬು ಬೆಳೆಗಾರರ ಮೇಳಾವಾದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ತಳಿ, ಬೀಜೋಪಚಾರ, ಲಾಗಣಿ ಇವುಗಳ ಬಗ್ಗೆ ತಮ್ಮೊಡನೆ ಎಷ್ಟೋ ಸಲ ಮಾತನಾಡಿದ್ದೇನೆ. ಇಂದಿನ ವಿಷಯ ಬೇರೆ. ಬಿಲ್ಲು ಜಮೆಯಾದ ವಾರ ನಮ್ಮ ಗಟ್ ಆಫೀಸಿನ ಮುಂದೆ ಹೊಸ ಗಾಡಿಗಳು ಬಂದು ನಿಲ್ಲುತ್ತವೆ. ಹಾರ ಇರುತ್ತದೆ, ನಿಂಬೆಹಣ್ಣು ಇರುತ್ತದೆ, ಪೇಢೆಯೂ ಸಿಗುತ್ತದೆ. ಹೆಲ್ಮೆಟ್ಟು ಮಾತ್ರ ಕಾಣುವುದಿಲ್ಲ. ಕಳೆದ ಹಂಗಾಮಿನಲ್ಲಿ ಸಭಾಸದರೊಬ್ಬರ ಮಗ, ಗಾಡಿ ಕೊಂಡು ತಿಂಗಳಾಗಿರಲಿಲ್ಲ, ರಾತ್ರಿ ರಸ್ತೆ ಮೇಲೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಹೋಗಿ ಬಡಿದ. ಬದುಕಿದ್ದಾನೆ, ಮಾತು ಇನ್ನೂ ಸ್ಪಷ್ಟವಿಲ್ಲ. ಅವನ ತಂದೆಯವರೇ ನನಗೆ, "ಸಾಹೇಬ್ರ, ಇದನ್ನೂ ಒಮ್ಮೆ ಮೇಳಾವಾದಾಗ ಹೇಳ್ರಿ" ಎಂದರು. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಗಾಡಿಯ ತೂಕ ನೋಡಿರಿ. ನೌಕರಿ ಸೇರಿದ ವರ್ಷ ನಾನೂ ಹುಮ್ಮಸ್ಸಿಗೆ ಬಿದ್ದು 350 ಸಿ.ಸಿ.ಯ ಹಳೆಯ ಗಾಡಿ ಕೊಂಡೆ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿಯಲ್ಲಿ ಅದು ಜಾರಿ ನನ್ನ ಕಾಲ ಮೇಲೆ ಬಿತ್ತು. ಎತ್ತಲಾಗಲಿಲ್ಲ. ಕಬ್ಬು ಕಡಿಯುವ ಟೋಳಿಯವರು ಬಂದು ಎತ್ತುವವರೆಗೆ ಸೈಲೆನ್ಸರು ಮೀನಖಂಡವನ್ನು ಸುಟ್ಟಿತ್ತು. ಆ ಗುರುತು ಇನ್ನೂ ಇದೆ. ಅಂಥ ಗಾಡಿ ಎರಡು ಕ್ವಿಂಟಲ್ ಹತ್ತಿರ ತೂಗುತ್ತದೆ. 100 ಸಿ.ಸಿ. ಗಾಡಿ ಒಂದು ಕ್ವಿಂಟಲ್ ಹತ್ತು ಕಿಲೋ ಆಸುಪಾಸು. ಅಂಗಡಿಯಲ್ಲಿ ಗಾಡಿಯ ಮೇಲೆ ಕುಳಿತು ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆಯೋ ನೋಡಿ, ಸ್ಟ್ಯಾಂಡು ತೆಗೆದು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ತಳ್ಳಿ. ಏದುಸಿರು ಬಂದರೆ ಅದು ತಮ್ಮ ಗಾಡಿಯಲ್ಲ. ಮೇವಿನ ಹೊರೆ, ಹಾಲಿನ ಕ್ಯಾನು, ಹೊಲದ ಬದು ಇವುಗಳಿಗೆ 100ರಿಂದ 125 ಸಿ.ಸಿ. ಧಾರಾಳ ಸಾಕು. ಪಿಕಪ್ಪಿನ ಮಾತು ಅಂಗಡಿಯ ಹುಡುಗನಿಗಿರಲಿ.

ಬ್ರೇಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕಿಂತ ಸಣ್ಣವಕ್ಕೆ ಕಡೇಪಕ್ಷ ಎರಡೂ ಚಕ್ರಕ್ಕೆ ಕೂಡಿ ಹತ್ತುವ ಬ್ರೇಕು ಬಂತು. ಎ.ಬಿ.ಎಸ್. ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುತ್ತದೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿರಿ. ನಮ್ಮಲ್ಲಿ ಅನೇಕರು ಮುಂದಿನ ಬ್ರೇಕಿಗೆ ಹೆದರಿ ಬರೀ ಕಾಲಿನ ಬ್ರೇಕು ತುಳಿಯುತ್ತಾರೆ. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನ ಚಕ್ರದಲ್ಲಿಯೇ. ಎರಡನ್ನೂ ಕೂಡಿಸಿ ಒತ್ತಿರಿ. ಕೆಸರಿನಲ್ಲಿ, ರವದಿ ಬಿದ್ದಲ್ಲಿ ಮುಂದಿನದನ್ನು ಮೆಲ್ಲಗೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೀರಿ. ಟ್ರಾಲಿ ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ.

ಹೆಲ್ಮೆಟ್ಟಿನ ಮೇಲೆ ಐ.ಎಸ್.ಐ. ಗುರುತು ಮತ್ತು ಐ.ಎಸ್. 4151 ಎಂಬ ಸಂಖ್ಯೆ ಇರಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ. ಒಳಗಿನ ಥರ್ಮೊಕೋಲಿನಂಥ ಪದರು ತಾನು ಜಜ್ಜಿಹೋಗಿ ತಲೆಯ ಪೆಟ್ಟು ನುಂಗುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು, ಹೊರಗೆ ಚೆನ್ನಾಗಿ ಕಂಡರೂ, ಎಸೆಯಿರಿ. ಗದ್ದ ಮುಚ್ಚುವಂಥದೇ ಬೇಕು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ನೂಕಿದರೆ ಕಳಚಬಾರದು. ರುಮಾಲಿನ ಮೇಲೆ ಹಾಕುವುದು ಬೇಡ, ರುಮಾಲು ಚೀಲದಲ್ಲಿರಲಿ. ಮುಖದ ಗಾಜು ತಿಳಿಯಾಗಿರಲಿ, ಕಪ್ಪು ಗಾಜು ರಾತ್ರಿಗೆ ಕೆಲಸಕ್ಕೆ ಬಾರದು. ಗಾಡಿದಾರಿಗೆ ಬಾಗಿದ ಕಬ್ಬಿನ ಗರಿ ಕಣ್ಣಿಗೆ ಏನು ಮಾಡುತ್ತದೆಂದು ತಮಗೆ ಹೇಳಬೇಕಿಲ್ಲ.

ಹಿಂದೆ ಕೂಡುವ ಮನೆಯವರಿಗೂ ಕಾನೂನಿನಲ್ಲಿ ಹೆಲ್ಮೆಟ್ಟು ಇದೆ. ಸೀರೆ ಗಾರ್ಡು ತೆಗೆಸಬೇಡಿರಿ. ಚಪ್ಪಲಿ ಬಿಟ್ಟು ಬೂಟು, ತುಂಬುತೋಳಿನ ದಪ್ಪ ಅಂಗಿ, ಕೈಗವಸು ಇಷ್ಟಾದರೂ ಇರಲಿ. ಬೀಳುವಾಗ ಅಂಗೈ ತಾನಾಗಿ ನೆಲಕ್ಕೆ ಹೋಗುತ್ತದೆ. 18 ತುಂಬದ ಮಗನಿಗೆ ಕೀಲಿ ಕೊಟ್ಟರೆ 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆಯೂ ಉಂಟು.

ಇನ್ನೊಂದು ಮಾತು, ಹೇಳಲು ನನಗೂ ಸಂಕೋಚ. ಆ ರಾತ್ರಿ ನಿಂತಿದ್ದ ಟ್ರಾಲಿ ನಮ್ಮ ಕಾರಖಾನೆಗೇ ಬರುವುದಿತ್ತು. ಹಿಂದೆ ರಿಫ್ಲೆಕ್ಟರು ಇರಲಿಲ್ಲ, ಇದ್ದ ದೀಪವನ್ನು ಕಬ್ಬು ಮುಚ್ಚಿತ್ತು. ಹುಡುಗನದಷ್ಟೇ ತಪ್ಪೆಂದು ನಾನು ಹೇಳಲಾರೆ. ಟ್ರ್ಯಾಕ್ಟರು ಇರುವವರು ಈ ಹಂಗಾಮು ಸುರುವಾಗುವ ಮೊದಲೇ ಕೆಂಪು ಪಟ್ಟಿ ಅಂಟಿಸಿ, ಕಬ್ಬು ಹೇರಿದ ಮೇಲೂ ಅದು ಕಾಣುತ್ತದೆಯೋ ಹಿಂದೆ ನಿಂತು ನೋಡಿರಿ.

ಹೆಲ್ಮೆಟ್ಟಿನ ಅಳತೆಗೆ ಹುಬ್ಬಿನ ಮೇಲಿಂದ ತಲೆಯ ಸುತ್ತ ಟೇಪು ಹಿಡಿಯಬೇಕು. ಸೋಮವಾರ ಬೆಳಿಗ್ಗೆ ನಾನು ಗಟ್ ಆಫೀಸಿನಲ್ಲಿರುತ್ತೇನೆ, ಟೇಪೂ ಇರುತ್ತದೆ. ಮಗನನ್ನು ಕರೆದುಕೊಂಡೇ ಬನ್ನಿರಿ.